ಹಲ್ಲು ಎಣಿಸಿದ ಜೀಪು
ಮೂಡಿಗೆರೆ ತೋಟಗಳ ಹಳೇ ವಿಲ್ಲೀಸ್ ಸಿಜೆ-3ಬಿಯ ವಯಸ್ಸು ಕೇಳಬಾರದು, ಹಲ್ಲು ಎಣಿಸಬೇಕು. ಹಿಂದಿನ ಆಕ್ಸಲ್‌ನಲ್ಲಿ ಪಿನಿಯನ್‌ಗೆ 8, ಕ್ರೌನ್‌ಗೆ 43. ಕಾಫಿ ಮೂಟೆ ಹೇರಿ ಕೆಸರುದಿಬ್ಬ ಹತ್ತಲು ಇನ್ನೇನು ಬೇಕು? ಹಾಸನ ದಾಟಿ ಬೆಂಗಳೂರು ಹೆದ್ದಾರಿ ಸಿಕ್ಕಾಗ ಮಾತ್ರ ಎಂಜಿನ್ ಕಿರುಚುತ್ತದೆ, ಗಾಡಿ ಓಡುವುದಿಲ್ಲ. ಲಾರಿಯವರು ಹಾರ್ನ್ ಹೊಡೆಯುವುದನ್ನೂ ಬಿಟ್ಟು ಕನಿಕರದಿಂದ ನೋಡುತ್ತಾರೆ.

8ಕ್ಕೆ 39ರ ಜೋಡಿ ಹಾಕಿಸಿದರೆ ಅದೇ ವೇಗಕ್ಕೆ ಎಂಜಿನ್ ಸುತ್ತು ನೂರಕ್ಕೆ 9ರಷ್ಟು ಕಡಿಮೆ.

"ಹಿಂದಿಂದು ಮಾತ್ರ ಸಾಕಲ್ವೇನಯ್ಯಾ?" ಎನ್ನುತ್ತಾರೆ ಸಾಹುಕಾರರು.

"ಮುಂದಿಂದೂ ಮಾಡ್ಸಿ ಸಾರ್. ಇಲ್ದಿದ್ರೆ ಫೋರ್‌ವೀಲ್ ಹಾಕಿದ ಕೂಡ್ಲೇ ಎರಡಕ್ಕೂ ಜಗಳ!"

ಖರ್ಚು ಇಮ್ಮಡಿ. ಜೊತೆಗೆ ಗಾಡಿ 60ರಲ್ಲಿ ಓಡಿದರೆ ಮೀಟರ್ 54 ತೋರಿಸುತ್ತದಂತೆ. ತೋಟದ ಜೀಪಿನ ಮೀಟರ್ ಕೆಲಸ ಮಾಡಿದ್ದನ್ನು ಕಂಡವರಾದರೂ ಯಾರು ಮಾರಾಯ್ರೇ?