ತಲಾಟಿ, ಹೆಬ್ಬೆಟ್ಟು ಮತ್ತು ಸರ್ವರ್

ಭೀಮಾ ದಂಡೆಯ ದೇವಣಗಾಂವದ ರೈತನಿಗೆ ಉತಾರ, ಅಂದರೆ ಪಹಣಿ, ಬೇಕೆಂದರೆ ಒಂದು ಕಾಲಕ್ಕೆ ಮೊದಲು ಊರಿನ ಲೆಕ್ಕ ಬರೆಯುವ ತಲಾಟಿಯನ್ನು ಹುಡುಕಬೇಕಿತ್ತು. ಉತಾರ ಸಿಗುವುದು ಆಮೇಲಿನ ಮಾತು. 2000ದ ಹೊತ್ತಿಗೆ ಬಂದ, ಜಮೀನಿನ ದಾಖಲೆಗಳನ್ನು ಕಂಪ್ಯೂಟರಿಗೆ ಏರಿಸಿದ ‘ಭೂಮಿ’ ಯೋಜನೆ ಕೈಬರಹದ ಪಹಣಿಗೆ ಮಂಗಳ ಹಾಡಿತು. ಅದರ ಜಾಣತನ ಇದ್ದದ್ದು ಇನ್ನೊಂದು ಕಡೆ: ದಾಖಲೆ ತಿದ್ದಲು ಕೂರುವ ಸಿಬ್ಬಂದಿ ಬೆರಳಚ್ಚು ಒತ್ತಲೇಬೇಕು. ಪಾಸ್‌ವರ್ಡನ್ನಾದರೆ ಚೀಟಿಯಲ್ಲಿ ಬರೆದು ಮಾನಿಟರಿಗೆ ಅಂಟಿಸಬಹುದು, ಹೆಬ್ಬೆಟ್ಟನ್ನು ಹೇಗೆ ಅಂಟಿಸುವುದು?

ಯಂತ್ರಗಳಿಗೆ ಹೆಬ್ಬೆಟ್ಟಿಲ್ಲ. ಒಂದು ಯಂತ್ರ ಇನ್ನೊಂದರ ಬಾಗಿಲು ತಟ್ಟಿದಾಗ ಗುರುತು ಹೇಳಲು ಬೇರೆ ದಾರಿ ಬೇಕು.

ಅಪಾಚೆ ಅಟ್ಲಾಸ್ ಎಂಬ ತಂತ್ರಾಂಶವಿದೆ. ಯಾವ ದತ್ತಾಂಶ ಎಲ್ಲಿಂದ ಬಂತು, ಎಲ್ಲಿಗೆ ಹೋಯಿತು ಎಂದು ಲೆಕ್ಕವಿಡುವ ತಲಾಟಿ ಅದು. ಹುಡುಕುವ ಕೆಲಸವನ್ನು ಮಾತ್ರ ಸೋಲರ್ ಅಥವಾ ಎಲಾಸ್ಟಿಕ್‌ಸರ್ಚ್‌ಗೆ ವಹಿಸುತ್ತದೆ. ಅಟ್ಲಾಸ್ ಬಂದವರ ಗುರುತು ಕೇಳಿ, ಸರ್ಚ್ ಸರ್ವರ್ ಮಾತ್ರ ಯಾರು ಕೇಳಿದರೂ ಹೂಂ ಎನ್ನುತ್ತಿದ್ದರೆ ಮುಗಿಯಿತು ಕಥೆ. 2017ರ ಜನವರಿಯಲ್ಲಿ ಹಾಗೇ ಆಯಿತು: ಕಾವಲಿಲ್ಲದ ಸಾವಿರಾರು ಎಲಾಸ್ಟಿಕ್‌ಸರ್ಚ್ ಸರ್ವರುಗಳನ್ನು ಕಳ್ಳರು ಅಳಿಸಿ, ಬಿಟ್‌ಕಾಯಿನ್ ಕೊಡಿ ಎಂಬ ಚೀಟಿ ಬಿಟ್ಟುಹೋದರು. ಕಳ್ಳರಿಗೂ ಎಷ್ಟು ಶಿಸ್ತು ನೋಡಿ!

ಉಪಾಯಗಳುಂಟು: ಕರ್ಬರೋಸ್ ಟಿಕೆಟ್ ಎಂಬ ಗುರುತುಚೀಟಿ, ಇಲ್ಲವೆ ಟಿಎಲ್‌ಎಸ್ ಎಂಬ ಗೂಢಲಿಪಿ ಸಂಪರ್ಕದ ಮೇಲೆ ಹೆಸರು-ಪಾಸ್‌ವರ್ಡ್. 2022ರಲ್ಲಿ ಬಂದ ಎಲಾಸ್ಟಿಕ್‌ಸರ್ಚ್ 8.0ರಿಂದ ಈ ಎರಡನೆಯ ಕಾವಲು ಮೊದಲೇ ಚಾಲೂ ಇರುತ್ತದೆ. ಹಳೆಯ ಆವೃತ್ತಿ ಇಟ್ಟುಕೊಂಡವರು ತಮ್ಮ 9200ನೇ ಪೋರ್ಟು ಯಾರಿಗೆಲ್ಲ ತೆರೆದಿದೆ ಎಂದು ಇವತ್ತೇ ಒಮ್ಮೆ ನೋಡಿಕೊಳ್ಳಿ.