ನವಣೆ ಸಿಗುವ ಊರು

ಚೀನಾದ ಅರ್ಜಿಯಲ್ಲಿ ಊರಿನ ಹೆಸರಿಗೆಂದು ಹನ್ನೆರಡು ಚೌಕ ಕೊಟ್ಟಿದ್ದರು. ಪಾಪಿನಾಯಕನಹಳ್ಳಿಯನ್ನು ಇಂಗ್ಲಿಷಿನಲ್ಲಿ ಬರೆಯಲು ಹದಿನೇಳು ಅಕ್ಷರ ಬೇಕು. ಹನ್ನೆರಡನೇ ಚೌಕಕ್ಕೆ ‘ಪಾಪಿನಾಯಕನ’ ಮುಗಿದು, ಹಳ್ಳಿ ಹೊರಗೇ ಉಳಿಯಿತು. ಪಾಪಿನಾಯಕನ ಏನು ಎಂದು ಅಲ್ಲಿಯವರು ಕೇಳಿದರೆ ಏನು ಹೇಳಲಿ? ಹೊಸಪೇಟೆಯಿಂದ ಬಳ್ಳಾರಿ ಕಡೆ ಹೋಗುವ ಬಸ್ಸಿನ ಕಂಡಕ್ಟರುಗಳು ಈ ತೊಡಕನ್ನು ಎಂದೋ ಬಿಡಿಸಿಕೊಂಡಿದ್ದಾರೆ: “ಪೀಕೇಹಳ್ಳಿ, ಪೀಕೇಹಳ್ಳಿ!” ನಾನೂ ಹಾಗೇ ಬರೆದು ಮುಂದಿನ ಕಾಲಮ್ಮಿಗೆ ಹೋದೆ. ಅಲ್ಲಿ ‘ತಾಯ್ನುಡಿ’ ಎಂದಿತ್ತು. ಆ ಕಾಲಮ್ಮಿನ ಕಥೆ ದೊಡ್ಡದು, ಆಮೇಲೆ ಹೇಳುತ್ತೇನೆ.

ಇದು 2019ರ ಮಾತು. ಇಸವಿ ಕೇಳಿದ ಕೂಡಲೇ ನಾನು ಚೀನಾಕ್ಕೆ ಹೋದೆನೋ ಇಲ್ಲವೋ ಎಂಬುದು ನಿಮಗೆ ಹೊಳೆದಿರುತ್ತದೆ. ಆ ಕುತೂಹಲ ಬಿಟ್ಟು ಆರಾಮಾಗಿ ಓದಿ.

ಆಗ ನಾನು ಒಂದು ಕಾಲೇಜಿನಲ್ಲಿ ಇಂಗ್ಲಿಷಿನ ಅತಿಥಿ ಉಪನ್ಯಾಸಕ. ಮನೆಗೆ ಬಂದ ಅತಿಥಿಗೆ ನೀರು ಬೆಲ್ಲ ಕೊಟ್ಟು ಕೂರಿಸುವ ನಾಡಿದು. ಕಾಲೇಜಿಗೆ ಬಂದ ಅತಿಥಿಗೆ ಮಾತ್ರ ಕುರ್ಚಿ ಖಾಲಿಯಾಗುವ ತನಕ ನಿಲ್ಲುವ ಭಾಗ್ಯ. ತಿಂಗಳಿಗೆ 11,000 ರೂಪಾಯಿ, ಬರುವಾಗ ಮೂರು ನಾಲ್ಕು ತಿಂಗಳದ್ದು ಒಟ್ಟಿಗೆ. ಅವ್ವ ಅದನ್ನು ಸಂಬಳ ಎಂದು ಕರೆದವಳೇ ಅಲ್ಲ. “ಈ ಸಲದ ಬೆಳಿ ಬಂತೇನೋ?” ಎಂದು ಕೇಳುತ್ತಿದ್ದಳು.

ಅಂಥ ಹೊತ್ತಿನಲ್ಲಿ ಬೆಂಗಳೂರಿನ ಒಬ್ಬ ಏಜೆಂಟು ಫೋನು ಮಾಡಿ, ಚೀನಾದ ವಿಶ್ವವಿದ್ಯಾಲಯಗಳಲ್ಲಿ ಇಂಗ್ಲಿಷ್ ಕಲಿಸುವವರಿಗೆ ಬರಗಾಲ ಎಂದ. ವಾರಕ್ಕೆ ಹದಿನಾರು ಗಂಟೆ ಪಾಠ, ಕ್ಯಾಂಪಸ್ಸಿನಲ್ಲೇ ಬಾಡಿಗೆಯಿಲ್ಲದ ಮನೆ, ಹೋಗಿ ಬರುವ ವಿಮಾನದ ಖರ್ಚು, ತಿಂಗಳಿಗೆ 8,000 ಯುವಾನ್. ಆಗಿನ ಲೆಕ್ಕದಲ್ಲಿ 80,000 ರೂಪಾಯಿ. ನಾಲ್ಕು ಊರು ಹೇಳಿದ: ಹಾರ್ಬಿನ್, ಕುನ್‌ಮಿಂಗ್, ನಾನ್‌ಜಿಂಗ್, ತಾಂಗ್‌ಶಾನ್. “ಯಾವುದು ಬೇಕೋ ನೀವೇ ಆರಿಸಿ ಸರ್,” ಎಂದ. ಅಲ್ಲಿಯವರೆಗೆ ಜೀವನದಲ್ಲಿ ನನಗೆ ಯಾರೂ ‘ನೀವೇ ಆರಿಸಿ’ ಎಂದಿರಲಿಲ್ಲ. ಬಟ್ಟೆ ಅಂಗಡಿಯಲ್ಲೂ ಅವ್ವನೇ ಆರಿಸುವುದು.

ಇಂಥದ್ದನ್ನೆಲ್ಲ ಒಬ್ಬನೇ ಕೂತು ತೀರ್ಮಾನಿಸುವ ಪದ್ಧತಿ ನಮ್ಮೂರಲ್ಲಿಲ್ಲ. ಸಂಜೆ ಮಾಮನ ಮಿರ್ಚಿ ಬಂಡಿಯ ಮುಂದೆ ಸಭೆ ಸೇರಿತು. ಮಾಮ ಮೊದಲು ಅದಿರಿನ ಲಾರಿ ಓಡಿಸುತ್ತಿದ್ದವನು. ಚೀನಾದವರು ಒಲಿಂಪಿಕ್ಸಿಗೆ ತಯಾರಾಗುತ್ತಿದ್ದ ಆ ವರ್ಷಗಳಲ್ಲಿ ಸಂಡೂರು, ಹೊಸಪೇಟೆಯ ಗುಡ್ಡಗಳು ಲಾರಿಗಳ ಮೇಲೆ ಕೂತು ಬಂದರಿನ ಕಡೆ ಹೊರಟಿದ್ದವು. ನಮ್ಮೂರಲ್ಲಿ ಬೇವಿನ ಮರ ಕೆಂಪು, ಎಮ್ಮೆ ಕೆಂಪು, ಒಣಹಾಕಿದ ಧೋತರ ಕೆಂಪು. ನಾನು ಬಿಳಿ ಅಂಗಿ ತೊಟ್ಟು ಪರೀಕ್ಷೆಗೆ ಹೋದರೆ ಹೊಸಪೇಟೆ ಮುಟ್ಟುವಷ್ಟರಲ್ಲಿ ಅದು ಕಾವಿಯಾಗಿ, ಮೇಲ್ವಿಚಾರಕರು ಯಾವ ಮಠದವನಪ್ಪ ಎಂಬಂತೆ ನೋಡುತ್ತಿದ್ದರು. 2011ರ ಜುಲೈನಲ್ಲಿ ಸುಪ್ರೀಂ ಕೋರ್ಟು ಬಳ್ಳಾರಿ ಜಿಲ್ಲೆಯ ಗಣಿಗಾರಿಕೆ ನಿಲ್ಲಿಸಿದಾಗ ಮಾಮ ಲಾರಿ ಮಾರಿ ಬಾಣಲೆ ಕೊಂಡ. ಬೆಲೆಕೇರಿ ಬಂದರಿನ ತನಕ ಎಷ್ಟೋ ಸಲ ಹೋಗಿ ಬಂದಿದ್ದರಿಂದ, ಚೀನಾದ ಬಗ್ಗೆ ನಮ್ಮೂರಲ್ಲಿ ಅವನ ಮಾತೇ ಕೊನೆ. ಬೆಲೆಕೇರಿಯಿಂದ ಮುಂದೆ ಇರುವುದೆಲ್ಲ ಚೀನಾ ಎಂಬುದು ಅವನ ಭೂಗೋಳ.

ಮೊದಲು ಹಾರ್ಬಿನ್. ಜನವರಿಯಲ್ಲಿ ಮೈನಸ್ ಇಪ್ಪತ್ತರ ಆಸುಪಾಸು. ಹೆಪ್ಪುಗಟ್ಟಿದ ನದಿಯಿಂದ ಮಂಜುಗಡ್ಡೆ ಕೊಯ್ದು ತಂದು ಅರಮನೆ ಕಟ್ಟಿ ಹಬ್ಬ ಮಾಡುತ್ತಾರೆ ಎಂದು ಫೋನಿನಲ್ಲಿ ಚಿತ್ರ ತೋರಿಸಿದೆ. ಬಳ್ಳಾರಿ ಸೀಮೆಯಲ್ಲಿ ಹುಟ್ಟಿದವರಿಗೆ ಇಪ್ಪತ್ತು ಡಿಗ್ರಿ ಎಂದರೇ ಮಫ್ಲರ್ ಹುಡುಕುವ ಚಳಿ. ಅದರ ಹಿಂದೆ ಮೈನಸ್ ಬೇರೆ. “ಅಲ್ಲಿ ಮಿರ್ಚಿ ಎಣ್ಣಿಗೆ ಬೀಳೋದ್ರೊಳಗ ಐಸ್‌ಕ್ಯಾಂಡಿ ಆಕ್ಕತಿ,” ಎಂದು ಮಾಮ ಹಾರ್ಬಿನ್ನನ್ನು ತಳ್ಳಿಹಾಕಿದ. ನಾನು ಬಿಡಲಿಲ್ಲ. ಆ ಕಡೆ ಜೋಳ ಬೆಳೆಯುತ್ತಾರೆ ಎಂದೆ. ಸಭೆಗೆ ಜೀವ ಬಂತು. ಜೋಳ ಬೆಳೆಯುವವರು ಕೆಟ್ಟವರಿರಲಾರರು. “ರೊಟ್ಟಿ ಹೆಂಗ್ ಮಾಡ್ತಾರಂತ, ತಟ್ತಾರೋ ಲಟ್ಟಿಸ್ತಾರೋ?” ತಟ್ಟುವುದೂ ಇಲ್ಲ, ಲಟ್ಟಿಸುವುದೂ ಇಲ್ಲ, ಹೆಚ್ಚಿನದನ್ನು ಭಟ್ಟಿ ಇಳಿಸುತ್ತಾರೆ ಎಂದು ಒಪ್ಪಿಕೊಳ್ಳಬೇಕಾಯಿತು. ಚೀನಾದ ಹೆಸರಾಂತ ಮದ್ಯ ಮಾವೊತಾಯ್ ಕೂಡ ಜೋಳದ್ದೇ. ಇದನ್ನು ಕೇಳಿ ಇಬ್ಬರು ಹಾರ್ಬಿನ್ನಿನ ಪರ ಎದ್ದು ನಿಂತರು. ಅವರ ಮತವನ್ನು ಮಾಮ ಎಣಿಕೆಗೆ ತೆಗೆದುಕೊಳ್ಳಲಿಲ್ಲ.

ಕುನ್‌ಮಿಂಗ್ ಎತ್ತರದ ಊರು, ವರ್ಷವಿಡೀ ವಸಂತ, ಊಟಕ್ಕೆ ಅಕ್ಕಿಯ ಶಾವಿಗೆ. ಯಾವ ಕೊರತೆಯೂ ಇಲ್ಲದ್ದರಿಂದ ಅದರ ಮೇಲೆ ಯಾರಿಗೂ ಮಾತಾಡುವ ಆಸಕ್ತಿ ಹುಟ್ಟಲಿಲ್ಲ.

ನಾನ್‌ಜಿಂಗ್‌ಗೆ ವಕೀಲಿ ಮಾಡಿದವರು ಇತಿಹಾಸದ ಮೇಷ್ಟ್ರು. ಬುಕ್ಕರಾಯ 1374ರಲ್ಲಿ ಚೀನಾದ ಮಿಂಗ್ ದೊರೆಯ ಆಸ್ಥಾನಕ್ಕೆ ರಾಯಭಾರ ಕಳಿಸಿದ್ದ, ಆಗ ರಾಜಧಾನಿ ನಾನ್‌ಜಿಂಗೇ ಇತ್ತು, ಆದ್ದರಿಂದ ಹಂಪಿ ಸೀಮೆಯಿಂದ ಹೋಗುವವನು ಮೊದಲು ಅಲ್ಲಿಗೇ ಹೋಗಬೇಕು ಎಂಬುದು ಅವರ ವಾದ. ಹಂಪಿಯ ಮಹಾನವಮಿ ದಿಬ್ಬದ ಮೇಲೆ ಕೆತ್ತಿರುವ ಚೂಪು ಟೋಪಿಯವರನ್ನು ತೋರಿಸಿ ‘ಇವರು ಚೀನಾದವರು’ ಎಂದು ಗೈಡುಗಳು ಹೇಳುವುದನ್ನೂ ಅವರು ಸಾಕ್ಷಿಗೆ ಎಳೆದರು. ನನ್ನ ಹೆದರಿಕೆ ಬೇರೆಯೇ ಇತ್ತು. ಚೀನಾದಲ್ಲಿ ಹುವಾಯ್ ನದಿ, ಚಿನ್‌ಲಿಂಗ್ ಬೆಟ್ಟಗಳ ಗುಂಟ ಒಂದು ಗೆರೆ ಎಳೆದಿದ್ದಾರೆ. ಗೆರೆಯ ಉತ್ತರಕ್ಕಿರುವ ಊರುಗಳಿಗೆ ನವೆಂಬರ್ ಮಧ್ಯದಿಂದ ಮಾರ್ಚ್ ಮಧ್ಯದ ತನಕ ಕೊಳವೆಗಳಲ್ಲಿ ಬಿಸಿ ಹರಿಸಿ ಮನೆ ಬೆಚ್ಚಗಿಡುತ್ತಾರೆ. ದಕ್ಷಿಣದವರಿಗೆ ಆ ಏರ್ಪಾಡಿಲ್ಲ. ನಾನ್‌ಜಿಂಗ್ ಗೆರೆಯ ದಕ್ಷಿಣಕ್ಕೆ ಬೀಳುತ್ತದೆ. ಬೇಸಿಗೆಯಲ್ಲಿ ಅದಕ್ಕೆ ಕುಲುಮೆ ಎಂದೇ ಹೆಸರು. ಕುಲುಮೆಗೆ ನಾವು ಅಂಜುವವರಲ್ಲ, ಚಳಿಗಾಲದಲ್ಲಿ ಕುಲುಮೆ ಆರಿಸಿಬಿಡುತ್ತಾರಲ್ಲ, ಅದಕ್ಕೆ ಅಂಜಿಕೆ.

ಉಳಿದದ್ದು ತಾಂಗ್‌ಶಾನ್. ಉತ್ತರದ ಹೆಬೇ ಪ್ರಾಂತ್ಯದ ಊರು. 1976ರ ಭೂಕಂಪದಲ್ಲಿ ನೆಲಸಮವಾಗಿ ಮತ್ತೆ ಎದ್ದು ನಿಂತದ್ದು. 2019ರ ಹೊತ್ತಿಗೆ ಅದೊಂದೇ ಊರು ಇಡೀ ಭಾರತಕ್ಕಿಂತ ಹೆಚ್ಚು ಉಕ್ಕು ತಯಾರಿಸುತ್ತಿತ್ತು; ಹತ್ತಿರದ ಬಂದರಿಗೆ ಹಡಗುಗಟ್ಟಲೆ ಅದಿರು ಬಂದು ಬೀಳುತ್ತದೆ ಎಂದು ಓದಿದೆ. ಮಾಮ ಜಾಲರಿ ಸೌಟು ಕೆಳಗಿಟ್ಟ. “ಅಲ್ಲಿಗೇ ಹೋಗು. ನಮ್ ಗುಡ್ಡ ಅಲ್ಲೇ ಎಲ್ಲೋ ಇರಬೇಕು. ಸಿಕ್ಕರ ಹೇಳು, ನಾನಾ ತಂದು ಹಾಕಿದ್ದು ಅಂತ.” ಅವನ ದನಿಯಲ್ಲಿ ಮದುವೆ ಮಾಡಿ ದೂರದೂರಿಗೆ ಕೊಟ್ಟ ಮಗಳನ್ನು ನೆನೆಯುವವರ ಧಾಟಿಯಿತ್ತು. ಆದರೆ ಧೂಳು ತಿಂದು ಬೆಳೆದವನು ಮತ್ತೆ ಧೂಳಿಗೇ ಹೋಗುವುದಕ್ಕೆ ಪಾಸ್‌ಪೋರ್ಟು ಏಕೆ ಬೇಕು ಎಂದು ನಾನು ಮನಸ್ಸಿನಲ್ಲೇ ಕುನ್‌ಮಿಂಗ್ ಕಡೆ ವಾಲಿದೆ.

ಮನೆಗೆ ಬಂದರೆ ಅವ್ವನ ಪ್ರಶ್ನೆ ಒಂದೇ. “ಹಿಮ ಮಳಿ ಇರ್ಲಿ. ನವಣಿ ಸಿಗ್ತದೇನು?”

ಅವ್ವನಿಗೆ ಸಕ್ಕರೆ ಕಾಯಿಲೆ ಬಂದ ಮೇಲೆ ನಮ್ಮ ಮನೆಯಲ್ಲಿ ಮೂರು ಹೊತ್ತೂ ನವಣೆಯ ಆಡಳಿತ. ತಾನು ತಿನ್ನುವುದನ್ನು ಊರೆಲ್ಲ ತಿನ್ನಬೇಕು ಎಂಬುದು ಅವಳ ವೈದ್ಯಶಾಸ್ತ್ರ. ನಾನು ಚೀನಾದ ನವಣೆ ಹುಡುಕುತ್ತ ಹೋಗಿ ಬೆಚ್ಚಿಬಿದ್ದೆ. ನವಣೆಯನ್ನು ಮೊದಲು ಬಿತ್ತಿ ಬೆಳೆದವರೇ ಉತ್ತರ ಚೀನಾದವರು, ಸಾವಿರಾರು ವರ್ಷಗಳ ಹಿಂದೆ. ಇವತ್ತಿಗೂ ಆ ಕಡೆ ಬೆಳಗಾದರೆ ನವಣೆ ಗಂಜಿ. ಅದಕ್ಕೆ ಅವರ ಭಾಷೆಯಲ್ಲಿ ಹೆಸರು ‘ಶ್ಯಾವ್‌ಮಿ’, ಚಿಕ್ಕಕ್ಕಿ ಎಂದು ಅರ್ಥ. ಆ ಹೆಸರನ್ನು ಎಲ್ಲೋ ಕೇಳಿದ್ದೇನಲ್ಲ ಎಂದು ನೋಡಿದರೆ, ನಾನು ಹುಡುಕುತ್ತಿದ್ದ ಫೋನಿನ ಬೆನ್ನ ಮೇಲೇ ಇತ್ತು: ಶಿಯೋಮಿ.

“ಅವ್ವ, ಈ ಫೋನಿನ ಹೆಸರು ನವಣೆ ಅಂತ!”

ಅವ್ವ ಫೋನನ್ನು ತಿರುಗಿಸಿ ಮುರುಗಿಸಿ ನೋಡಿ, ಸೆರಗಿನಿಂದ ಒರೆಸಿ ಕೊಟ್ಟಳು. ಅವತ್ತಿನಿಂದ ಚೀನಾದ ಮೇಲೆ ಅವಳಿಗಿದ್ದ ಅನುಮಾನವೆಲ್ಲ ಹೋಯಿತು. ಹಾರ್ಬಿನ್, ಕುನ್‌ಮಿಂಗ್, ನಾನ್‌ಜಿಂಗ್ ಮೂರೂ ಒಂದೇ ಏಟಿಗೆ ಬಿದ್ದವು. ಹೆಬೇ ಪ್ರಾಂತ್ಯ ನವಣೆಯ ಸೀಮೆ; ತಾಂಗ್‌ಶಾನ್ ಇರುವುದು ಹೆಬೇಯಲ್ಲಿ. ಮಾಮ ಕಬ್ಬಿಣದ ದಾರಿಯಲ್ಲಿ, ಅವ್ವ ಗಂಜಿಯ ದಾರಿಯಲ್ಲಿ ಹೋಗಿ ಒಂದೇ ಊರು ಮುಟ್ಟಿದ್ದರು. ನೀವೇ ಆರಿಸಿ ಸರ್ ಎಂದಿದ್ದ ಏಜೆಂಟಿಗೆ ಫೋನು ಮಾಡಿ, ಆರಿಸಿದ್ದಾರೆ ಎಂದೆ.

ಈಗ ಆ ಕಾಲಮ್ಮು. ಬೇರೆ ದೇಶದಿಂದ ಬಂದು ಭಾಷೆ ಕಲಿಸುವವರು ತಮ್ಮ ತಾಯ್ನುಡಿಯನ್ನೇ ಕಲಿಸಬೇಕು ಎಂಬುದು ಚೀನಾದವರ ನಿಯಮ. ಇಂಗ್ಲಿಷಿಗಾದರೆ ಅಮೆರಿಕ, ಬ್ರಿಟನ್, ಕೆನಡಾ, ಆಸ್ಟ್ರೇಲಿಯಾ ಇಂಥ ಕೆಲವೇ ದೇಶದವರು. ಇಂಗ್ಲಿಷಿನಲ್ಲಿ ಬೈಸಿಕೊಂಡು, ಇಂಗ್ಲಿಷಿನಲ್ಲಿ ಫೇಲಾಗಿ, ಇಂಗ್ಲಿಷಿನಲ್ಲಿ ಎಂ.ಎ. ಮಾಡಿದ ನಾವು ಆ ಪಟ್ಟಿಯಲ್ಲಿಲ್ಲ. ‘ಪ್ರಾಂತ್ಯದ ಕಚೇರಿಯವರು ಮನಸ್ಸು ಮಾಡಿದರೆ ಆಗುತ್ತದೆ, ನೀವು ಸುಮ್ಮನೆ ಇಂಗ್ಲಿಷ್ ಅಂತ ಬರೀರಿ ಸರ್’ ಎಂದು ಏಜೆಂಟಿನ ಉಪದೇಶ. ಉಚ್ಚಾರಣೆ ಅಮೆರಿಕದ್ದೋ ಬ್ರಿಟನ್ನಿನದೋ ಎಂದೂ ಕೇಳಿದ. ನಿಜ ಹೇಳಬೇಕೆಂದರೆ ವಿರೂಪಾಪುರಗಡ್ಡೆಯದು. ರಜೆಯಲ್ಲಿ ಅಲ್ಲಿನ ಹೋಟೆಲೊಂದರಲ್ಲಿ ತಟ್ಟೆ ಎತ್ತುವಾಗ ಇಸ್ರೇಲಿನ ಪ್ರವಾಸಿಗಳಿಂದ ಕಿವಿಗೆ ಬಿದ್ದದ್ದು. ಅದನ್ನು ಅವನಿಗೆ ಹೇಳಲಿಲ್ಲ.

ಅರ್ಜಿಯನ್ನು ಅವ್ವನಿಗೆ ಕನ್ನಡದಲ್ಲಿ ಓದಿ ಹೇಳುವ ತಪ್ಪು ಮಾಡಿದೆ. ‘ತಾಯ್ನುಡಿ: ಇಂಗ್ಲಿಷ್’ ಎಂದದ್ದೇ ತಡ, ಮೊರದಲ್ಲಿ ಆಡುತ್ತಿದ್ದ ಕಾಳು ನಿಂತಿತು.

“ತಾಯಿ ಅಂದ್ರ ಯಾರೋ?”

“ನೀನಾ.”

“ನಾನು ಯಾವಾಗ ಇಂಗ್ಲಿಷಿನಾಕಿ ಆದೆ? ಆಗ್ಲಿ, ನಿಮ್ಮಪ್ಪನ್ನ ಕೇಳು, ಅವರು ಬೈಸ್ಕಂಡಿದ್ದು ಯಾವ ಭಾಷಾದಾಗ ಅಂತ.”

ಅಪ್ಪ ಪತ್ರಿಕೆಯಿಂದ ತಲೆ ಎತ್ತಲಿಲ್ಲ. ಮೂವತ್ತು ವರ್ಷದ ಅನುಭವ. ಬುಕ್ಕರಾಯನ ರಾಯಭಾರಿಗೂ ಹೀಗೆ ತಾಯ್ನುಡಿ ಕೇಳಿದ್ದರೇನೋ ಎಂದುಕೊಳ್ಳುತ್ತ ಆ ಚೌಕಗಳನ್ನು ಖಾಲಿ ಬಿಟ್ಟು ಕಳಿಸಿದೆ.

ನವೆಂಬರಿನಲ್ಲಿ ಸಂದರ್ಶನ, ವಿಚಾಟ್‌ನ ವಿಡಿಯೊ ಕರೆಯಲ್ಲಿ. ಹಿತ್ತಲ ಬಾಗಿಲಲ್ಲಿ ಮಾತ್ರ ಸಿಗ್ನಲ್ ಬರುವುದರಿಂದ ಮೇಲೆ ಕೋಟು, ಟೈ, ಕೆಳಗೆ ಲುಂಗಿ ಉಟ್ಟು ಅಲ್ಲೇ ಸ್ಟೂಲು ಹಾಕಿ ಕೂತೆ. ತಾಂಗ್‌ಶಾನಿನ ಮೇಡಮ್ಮು ನಗುಮುಖದವರು. ಹಿಂದಿನ ದಿನವಷ್ಟೇ ಬಿಸಿ ಬಿಟ್ಟಿದ್ದಾರೆ, ಕೋಣೆ ಬೆಚ್ಚಗಿದೆ ಎಂದರು. ಷೇಕ್ಸ್‌ಪಿಯರ್ ಆಯಿತು, ವ್ಯಾಕರಣ ಆಯಿತು. ತಾಯ್ನುಡಿ ಏಕೆ ಬರೆದಿಲ್ಲ ಎಂದು ಕೇಳುವ ಹೊತ್ತಿಗೆ ಸರಿಯಾಗಿ, ಉತ್ತರವೇ ಮೊರ ಹಿಡಿದುಕೊಂಡು ನನ್ನ ಹೆಗಲ ಮೇಲಿಂದ ಬಗ್ಗಿ ನೋಡಿತು.

“ಊಟ ಆತೇನವ್ವಾ?”

ನಾನು ಬೆವರುತ್ತ ಅದನ್ನು ಇಂಗ್ಲಿಷಿಗೆ ತಂದೆ. ಮೇಡಂ ಜೋರಾಗಿ ನಕ್ಕರು. ನಮ್ಮಲ್ಲೂ ಹಿರಿಯರು ಎದುರಾದವರನ್ನು ಮಾತಾಡಿಸುವುದು ಹೀಗೇ ಎನ್ನುತ್ತ, ಅವ್ವನ ಕಡೆ ನೋಡಿ, “ಛಿ ಲ ಮಾ?” ಎಂದರು.

“ಊಟ ಕೇಳಿದ್ರ ಛೀ ಅಂತಾಳಲ್ಲೋ ಈಕಿ!”

“ಛೀ ಅಲ್ಲವ್ವಾ, ಊಟ ಆಯ್ತಾ ಅಂತ ಕೇಳ್ತಿದಾರೆ.”

ಅವ್ವ ಸ್ವಲ್ಪ ಸಮಾಧಾನವಾದಳು. ಮೊರದಲ್ಲಿದ್ದ ನವಣೆಯನ್ನು ಕ್ಯಾಮೆರಾದ ಮುಂದೆ ಹಿಡಿದು, “ನಿಮ್ ಕಡಿ ಇದು ಹೆಂಗ್?” ಎಂದು ಕೇಳಿದಳು. ಮೇಡಮ್ಮಿಗೆ ಈ ಸಲ ಅನುವಾದ ಬೇಕಾಗಲಿಲ್ಲ. ಶ್ಯಾವ್‌ಮಿ, ಶ್ಯಾವ್‌ಮಿ ಎನ್ನುತ್ತ, ಹಿಂದೆ ಯಾರನ್ನೋ ಚೀನೀಯಲ್ಲಿ ವಿಚಾರಿಸಿ, ನಡುವಿನ ಮೂರು ಬೆರಳು ಮಡಚಿ ಹೆಬ್ಬೆರಳು, ಕಿರುಬೆರಳು ಮಾತ್ರ ಚಾಚಿ ತೋರಿಸಿದರು. ಅಷ್ಟರಲ್ಲಿ ಸಿಗ್ನಲ್ ಹೋಯಿತು.

ಆ ಸನ್ನೆ ಚೀನಾದವರ ಲೆಕ್ಕದಲ್ಲಿ ‘ಆರು’ ಎಂದು, ಅರ್ಧ ಕಿಲೋ ನವಣೆಗೆ ಆರು ಯುವಾನ್ ಎಂದಿರಬೇಕೆಂದು ನನಗೆ ತಿಳಿದದ್ದು ಎಷ್ಟೋ ದಿನದ ಮೇಲೆ. ಅವ್ವ ಅವತ್ತು ಅದನ್ನು ನಮ್ಮ ಕಡೆಯ ಸನ್ನೆಯಾಗಿಯೇ ತಿಳಿದಳು. “ಫೋನ್ ಮಾಡ್ತೀನಿ ಅಂದಾಳ,” ಎಂದು ಹೇಳಿ, ನವಣೆ ಫೋನನ್ನು ಚಾರ್ಜಿಗೆ ಹಾಕಿ, ಸಿಗ್ನಲ್ ಬರುವ ಹಿತ್ತಲ ಬಾಗಿಲಲ್ಲಿ ನಿಲ್ಲಿಸಿಟ್ಟಳು.