ಹಂಚು ಕಾದಿರಬೇಕೆ, ಬೇಡವೆ? ಅಥವಾ ಮಲಪ್ರಭಾ ಸಂಪ್ರದಾಯದ ಲೇಟೆನ್ಸಿ ಮೀಮಾಂಸೆ

ಉಪೋದ್ಘಾತ

ಲೇಟೆನ್ಸಿಯ ನಿಜಸ್ವರೂಪ ಅರಿಯಬಯಸುವ ಜಿಜ್ಞಾಸುವು ಸವದತ್ತಿ ಬಸ್ ಸ್ಟ್ಯಾಂಡಿನ ಆಸುಪಾಸಿನ ಯಾವುದಾದರೊಂದು ಖಾನಾವಳಿಗೆ ಮಧ್ಯಾಹ್ನ ಮೂರೂವರೆಗೆ ಹೋಗಿ ಊಟ ಹೇಳತಕ್ಕದ್ದು. ಆ ಹೊತ್ತಿಗೆ ಒಲೆ ಆರಿರುತ್ತದೆ. ಕಟಗಿ ಒಟ್ಟಿ, ಊದುಗೊಳವೆ ಊದಿ, ಹಂಚು ಕಾದು, ಹಿಟ್ಟು ನಾದಿ, ಮೊದಲ ರೊಟ್ಟಿ ಬಡಿದು ತಾಟಿಗೆ ಬೀಳುವಷ್ಟರಲ್ಲಿ ಜಿಜ್ಞಾಸುವಿನ ಜಿಜ್ಞಾಸೆ ಇಂಗಿ ಹಸಿವೊಂದೇ ಉಳಿದಿರುತ್ತದೆ. ಇದನ್ನೇ ಬೆಂಗಳೂರಿನ ಪಂಡಿತರು ‘ಕೋಲ್ಡ್ ಸ್ಟಾರ್ಟ್’ ಎಂದು ಕರೆದು, ತಾವೇ ಕಂಡುಹಿಡಿದವರಂತೆ ಓಡಾಡುತ್ತಾರೆ.

ಈ ಗ್ರಂಥಕ್ಕೆ ನಿಮಿತ್ತನಾದವನು ನಮ್ಮ ತಂಗಿಯ ಮಗ. ಯಲ್ಲಮ್ಮನ ಗುಡ್ಡದಲ್ಲಿ ಚಕ್ಕಡಿ ಬಿಡಲು ಎಲ್ಲಿ ಜಾಗವಿದೆ, ಎಲ್ಲಿ ಖೋಲಿ ಖಾಲಿ ಇದೆ ಎಂದು ತಿಳಿಸುವ ಒಂದು ಪುಟವನ್ನು ಪುಣ್ಯಕ್ಕೆಂದು ಮಾಡಿ, ಬಾಡಿಗೆಯ ಮೋಡದಲ್ಲಿ, ಅಂದರೆ ಕ್ಲೌಡಿನಲ್ಲಿ, ಇಟ್ಟಿದ್ದ. ವರ್ಷದ ಬಹುಪಾಲು ದಿನ ಹತ್ತು ಮಂದಿ ನೋಡುವ ಪುಟ ಅದು. ಬನದ ಹುಣ್ಣಿಮೆಯ ಜಾತ್ರೆಯ ಹಿಂದಿನ ರಾತ್ರಿ ಊರೂರೇ ಒಮ್ಮೆಲೇ ಬಂದು ನೋಡಿತು. ಪುಟ ಕಣ್ಣು ಮುಚ್ಚಿತು. ಹುಡುಗ ಸಿಟ್ಟಿಗೆದ್ದು, ಪುಟವನ್ನು ನಡೆಸುವ ಎಂಟು ಇನ್‌ಸ್ಟನ್ಸ್ ಹಗಲೂ ರಾತ್ರಿ ಎದ್ದಿರಲಿ ಎಂದು ಗುಂಡಿ ತಿರುಗಿಸಿಟ್ಟು ಮರೆತ. ತಿಂಗಳ ಬಿಲ್ಲು ಬಂದ ದಿನ ಫೋನು ಮಾಡಿದ: “ಮಾಮಾ, ಮದಲ ಪುಟಾ ಬಿತ್ತು, ಆಮ್ಯಾಲ ನಾ ಬಿದ್ನಿ.”

ಶಬ್ದವಿಚಾರ

‘ಲೇಟೆನ್ಸಿ’ ಶಬ್ದವನ್ನು ಲ್ಯಾಟಿನ್ ಮೂಲದ್ದೆಂದು ಹೇಳುವವರಿದ್ದಾರೆ. ಅದು ಅಸಾಧು. ‘ಲೇಟು’ ಮತ್ತು ‘ಎನಿಸು’ ಸೇರಿ ಲೋಪಸಂಧಿಯಿಂದ ‘ಲೇಟೆನಿಸಿ’, ಅದರ ಆಡುರೂಪ ‘ಲೇಟೆನ್ಸಿ’. ಅರ್ಥಾತ್ ಎಷ್ಟು ಲೇಟಾಯಿತು ಎಂಬುದಲ್ಲ, ಎಷ್ಟು ಲೇಟೆನಿಸಿತು ಎಂಬುದು. ‘ಇನ್‌ಸ್ಟನ್ಸ್’ ಎಂಬುದು ‘ಇನ್ನಷ್ಟು’ ಎಂಬುದರ ಅಪಭ್ರಂಶ. ಮೋಡದ ವ್ಯಾಪಾರಿಗಳು ಸದಾ ಉಚ್ಚರಿಸುವ ಪದ ಅದೊಂದೇ ಎಂಬುದು ಇದಕ್ಕೆ ಪುಷ್ಟಿ.

ತಡಕ್ಕೆ ದೂರವೇ ಕಾರಣ ಎಂಬ ಶಂಕೆಯನ್ನೂ ಇಲ್ಲೇ ಪರಿಹರಿಸೋಣ. ಗಾಜಿನ ನಾರಿನಲ್ಲಿ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್ ಓಡುತ್ತದೆ. ಸವದತ್ತಿಯಿಂದ ಮುಂಬೈಗೆ ಹೋಗಿ ಬರಲು ಅದಕ್ಕೆ ಹತ್ತು ಮಿಲಿಸೆಕೆಂಡೂ ಬೇಡ. ತಡವಾಗುವುದು ದಾರಿಯಲ್ಲಲ್ಲ, ಒಲೆಯ ಮುಂದೆ.

ಪೂರ್ವಪಕ್ಷ

ಗೂಗಲ್‌ನ ಆ್ಯಪ್ ಎಂಜಿನ್ ಎಂಬ ಬಾಡಿಗೆಯ ಮೋಡ 2008ರಲ್ಲಿ ಬಂದಿತು. 2011ರಲ್ಲಿ ಅದರ ದರಪಟ್ಟಿ ಬದಲಾಗಿ, ಇನ್‌ಸ್ಟನ್ಸ್ ಎಷ್ಟು ತಾಸು ಎದ್ದಿರುತ್ತದೋ ಅಷ್ಟಕ್ಕೆ ಬಾಡಿಗೆ ಎಂದಾಯಿತು. ಅಂದಿನಿಂದ ಗುಂಡಿ ತಿರುಗಿಸುವುದು ಒಂದು ಶಾಸ್ತ್ರವಾಯಿತು. ಮುಖ್ಯ ಗುಂಡಿಗಳು ಮೂರು: ಕೆಲಸವಿಲ್ಲದಿದ್ದರೂ ಎಷ್ಟು ಇನ್‌ಸ್ಟನ್ಸ್ ಎದ್ದು ಕೂತಿರಬೇಕು, ಬಂದ ಬೇಡಿಕೆ ಪಾಳಿಯಲ್ಲಿ ಎಷ್ಟು ಹೊತ್ತು ನಿಂತ ಮೇಲೆ ಹೊಸದನ್ನು ಎಬ್ಬಿಸಬೇಕು, ಒಂದೇ ಇನ್‌ಸ್ಟನ್ಸಿನ ತಲೆಯ ಮೇಲೆ ಏಕಕಾಲಕ್ಕೆ ಎಷ್ಟು ಬೇಡಿಕೆ ಹೇರಬಹುದು. ಇವನ್ನು ಸರಿಯಾಗಿ ತಿರುಗಿಸಿದರೆ ಯಾರೂ ಕಾಯಬೇಕಿಲ್ಲ, ಖರ್ಚೂ ಆಗದು ಎಂಬುದು ಬೆಂಗಳೂರು ಸಂಪ್ರದಾಯದ ವಾದ. ಇದನ್ನು ಐದು ಸೂತ್ರಗಳಿಂದ ಖಂಡಿಸುತ್ತೇವೆ.

ಸೂತ್ರ 1: ಹಂಚ ಕಾಯಿಸಿ ಇಟ್ರ ಕಟಗಿ ಸುಡತೈತಿ, ಆರಿಸಿ ಇಟ್ರ ಗಿರಾಕಿ ಸುಡತಾನ

ಭಾಷ್ಯ: ಈ ಸೂತ್ರದ ಕರ್ತೃ ನಾವು ಊಟ ಮಾಡುವ ಖಾನಾವಳಿಯ ಅಕ್ಕ. ಆಕೆಗೆ ಮೂರು ಒಲೆ. ಒಂದರಲ್ಲಿ ಬೂದಿಯಡಿ ಕೆಂಡ ಸದಾ ಜೀವಂತ, ಊದಿದರೆ ಉರಿಯುತ್ತದೆ. ಎರಡನೆಯದು ಯಾವಾಗ ಎಂದು ಕೇಳಿದೆವು. “ನಾಕ ತಾಟ ಖಾಲಿ ಕುಂತ್ವು ಅಂದ್ರ ಹಚ್ಚತೀನ್ರಿ. ಒಬ್ಬ ಬಂದಾಗನ ಹಚ್ಚಿದ್ರ ಕಟಗಿ ಹಾಳ, ಹತ್ತ ಮಂದಿ ಆಗೂತನಕ ಕುಂತ್ರ ಎಂಟ ಮಂದಿ ಎದ್ದ ಹೊಕ್ಕಾರ.” ಗದ್ದಲ ಇಳಿದ ಕೂಡಲೇ ಆರಿಸುತ್ತೀರಾ? “ಇಲ್ರಿ, ಹುಬ್ಬಳ್ಳಿ ಬಸ್ ಬಂದ ಹೋಗಲಿ.” ಆ್ಯಪ್ ಎಂಜಿನ್ನಿನಲ್ಲೂ ಕೊನೆಯ ಬೇಡಿಕೆ ತೀರಿದ ಮೇಲೆ 15 ನಿಮಿಷದ ಬಾಡಿಗೆ ಓಡುತ್ತದೆ. ಅದು ಹುಬ್ಬಳ್ಳಿ ಬಸ್ಸಿನ ಬಾಬತ್ತು ಎಂದು ತಿಳಿಯತಕ್ಕದ್ದು.

ನಮ್ಮ ಅಳಿಯನ ಎಂಟು ಇನ್‌ಸ್ಟನ್ಸಿನ ಸಂಗತಿಯನ್ನು ಆಕೆಯ ಮುಂದಿಟ್ಟೆವು. “ದಿನಾ ಎಷ್ಟ ಮಂದಿ ಬರ್ತಾರಂತ?” ಹತ್ತು ಎಂದೆವು. “ಹತ್ತ ಮಂದಿಗೆ ಎಂಟ ಒಲಿ?” ಎಂದು ಆಕೆ ಹಿಟ್ಟಿನ ಕೈಯಿಂದಲೇ ಹಣೆ ಚಚ್ಚಿಕೊಂಡಳು.

ಸೂತ್ರ 2: ಗಡುವು ಕೊಡುವವನಿಗೆ ಬಾಗಿಲ ಹಿಂದೆ ಏನಿದೆ ಎಂಬುದು ಗೊತ್ತಿರಬೇಕು

ಭಾಷ್ಯ: 1824ರ ಅಕ್ಟೋಬರ್ 23ರಂದು ಧಾರವಾಡದ ಕಲೆಕ್ಟರ್ ಠ್ಯಾಕರೆ ಕಿತ್ತೂರು ಕೋಟೆಯ ಮುಚ್ಚಿದ ಬಾಗಿಲ ಮುಂದೆ ನಿಂತು, ಇಷ್ಟು ನಿಮಿಷದಲ್ಲಿ ತೆರೆಯದಿದ್ದರೆ ತೋಪಿನಿಂದ ಒಡೆಯುತ್ತೇನೆಂದ. ಟೈಮ್‌ಔಟ್‌ನ ಇತಿಹಾಸದಲ್ಲಿ ಇದಕ್ಕಿಂತ ತಪ್ಪು ಅಂಕಿಯನ್ನು ಯಾರೂ ಇಟ್ಟಿಲ್ಲ. ಗಡುವು ಮುಗಿಯುತ್ತಲೇ ಬಾಗಿಲು ತೆರೆಯಿತು, ಉತ್ತರವೂ ಬಂತು. ಆದರೆ ಅದನ್ನು ಓದಲು ಠ್ಯಾಕರೆ ಉಳಿಯಲಿಲ್ಲ. ರಾಣಿ ಚೆನ್ನಮ್ಮನ ದಂಡು ಕಾದ ಹಂಚಿನಂತೆ ಒಳಗೆ ಸಜ್ಜಾಗಿತ್ತು. ಈಸ್ಟ್ ಇಂಡಿಯಾ ಕಂಪನಿಯದು ಕೋಲ್ಡ್ ಸ್ಟಾರ್ಟ್: ದಿಕ್ಕುದಿಕ್ಕಿನಿಂದ ಪಲ್ಟಣ ಕೂಡಿಸಿಕೊಂಡು ಮತ್ತೆ ಕೋಟೆಗೆ ಬೀಳಲು ಅದಕ್ಕೆ ಡಿಸೆಂಬರಿನ ಮೊದಲ ವಾರದವರೆಗೆ, ಹೆಚ್ಚುಕಡಿಮೆ ನಲವತ್ತು ದಿನ, ಹಿಡಿಯಿತು. ಆದರೆ ಎದ್ದ ಮೇಲೆ ಅದಕ್ಕೆ ‘ಇನ್ನಷ್ಟು’ ಬರುತ್ತಲೇ ಇತ್ತು. ಕಿತ್ತೂರಿಗೆ ಇದ್ದದ್ದು ಇದ್ದಷ್ಟೇ. ರಾಣಿ ಬೈಲಹೊಂಗಲದ ಸೆರೆಯಲ್ಲಿ 1829ರಲ್ಲಿ ತೀರಿಕೊಂಡಳು. ಆಕೆಯ ಸಮಾಧಿ ಅಲ್ಲೇ ಇದೆ. ಇಷ್ಟು ಸಾಲಿನ ಮಟ್ಟಿಗೆ ಅಣಕವನ್ನು ಬದಿಗಿಟ್ಟು ಕೈ ಮುಗಿಯುತ್ತೇವೆ.

ಸೂತ್ರ 3: ಕಾಟಾ ಒಂದೇ ಇದ್ದರೆ ಹಮಾಲರು ನೂರಿದ್ದೂ ಫಲವಿಲ್ಲ

ಭಾಷ್ಯ: ಹತ್ತಿ ಹಂಗಾಮಿನಲ್ಲಿ ಬೈಲಹೊಂಗಲದ ಪೇಟೆಗೆ ಬಂದ ಗಾಡಿಗಳೆಲ್ಲ ಒಂದೇ ಕಾಟಾದ ಮೇಲೆ ಹಾಯಬೇಕು ಎಂದು ಭಾವಿಸೋಣ. ಗಾಡಿಗಳು ಮನಬಂದ ಹೊತ್ತಿಗೆ ಬರುತ್ತವೆ. ತೂಕವೂ ಒಮ್ಮೆ ಬೇಗ, ಒಮ್ಮೆ ತಡ. ಕಾಟಾ ಅರ್ಧ ಹೊತ್ತು ಕೆಲಸದಲ್ಲಿದ್ದರೆ ಬಂದ ಗಾಡಿ ಸರಾಸರಿ ಒಂದು ತೂಕದಷ್ಟು ಹೊತ್ತು ಕಾಯುತ್ತದೆ. ನೂರಕ್ಕೆ 90 ಪಾಲು ಹೊತ್ತು ಕೆಲಸದಲ್ಲಿದ್ದರೆ ಒಂಬತ್ತು ತೂಕ, 99 ಪಾಲಾದರೆ ತೊಂಬತ್ತೊಂಬತ್ತು. ಕೋಪನ್‌ಹೇಗನ್ನಿನ ಟೆಲಿಫೋನ್ ಕಂಪನಿಗೆ ದುಡಿದ ಎರ್ಲಾಂಗ್ ಎಂಬ ಪಂಡಿತ 1909ರಲ್ಲಿ ಆರಂಭಿಸಿದ ಗಣಿತದಿಂದ ಬೆಳೆದ ಲೆಕ್ಕವಿದು. ಆತ ಬೈಲಹೊಂಗಲಕ್ಕೆ ಬಂದಿದ್ದರೆ ಫೋನಿಗಾಗಿ ಕಾಯಬೇಕಿರಲಿಲ್ಲ.

ಅಳಿಯನ ಪುಟದ ರೋಗವೂ ಇದೇ. ಎಂಟು ಇನ್‌ಸ್ಟನ್ಸೂ ಖೋಲಿಯ ಲೆಕ್ಕ ಕೇಳಲು ಓಡುತ್ತಿದ್ದದ್ದು ಒಂದೇ ಡೇಟಾಬೇಸಿಗೆ. ಹಮಾಲರನ್ನು ಹೆಚ್ಚಿಸಿ ಆತ ಕಾಟಾದ ಮುಂದಿನ ಪಾಳಿಯನ್ನೇ ಉದ್ದ ಮಾಡಿದ್ದ.

ಸೂತ್ರ 4: ಬುತ್ತಿ ಕಟ್ಟಿಕೊಂಡು ಬಂದವನು ಒಲೆಯ ಮುಂದೆ ನಿಲ್ಲನು

ಭಾಷ್ಯ: ಬಿಸಿ ರೊಟ್ಟಿ ಕೇಳಿದಾಗ ಬಡಿಯುವಂಥದ್ದು. ಕಟಕ ರೊಟ್ಟಿ ಮೊದಲೇ ಬಡಿದು ಒಣಗಿಸಿ ಇಟ್ಟದ್ದು, ವಾರಗಟ್ಟಲೆ ಕೆಡದು. ಇದರ ಸಂಸ್ಕೃತ ನಾಮ ‘ಕ್ಯಾಶ್’. ಗುಡ್ಡಕ್ಕೆ ಹೊರಟ ಚಕ್ಕಡಿಯಲ್ಲಿ ಕಟಕ ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿಯ ಗಂಟು ಇದ್ದೇ ಇರುತ್ತದೆ. ಒಂದೊಂದು ಚಕ್ಕಡಿಯೂ ತನ್ನ ಊಟವನ್ನು ತಾನೇ ಹೊತ್ತು ತರುವುದರಿಂದಲೇ ಲಕ್ಷಗಟ್ಟಲೆ ಮಂದಿಯನ್ನು ಆ ಗುಡ್ಡ ತಡೆದುಕೊಳ್ಳುತ್ತದೆ. ಚಕ್ಕಡಿ ಬಿಡುವ ಜಾಗದ ನಕಾಶೆ ರಾತ್ರೋರಾತ್ರಿ ಬದಲಾಗದು. ಅದನ್ನು ನೋಡಿದವರ ಫೋನಿನಲ್ಲೇ ಬುತ್ತಿ ಕಟ್ಟಿಡು, ಖೋಲಿಯ ಲೆಕ್ಕವನ್ನಷ್ಟೇ ಬಿಸಿಯಾಗಿ ಬಡಿ ಎಂದು ಅಳಿಯನಿಗೆ ಬೋಧಿಸಿದೆವು.

ಇದಕ್ಕೆ ಉಪಸೂತ್ರ: ಪಂಚಾಂಗ ಇರುವಾಗ ಕಣಿ ಕೇಳಬೇಡ. ಗದ್ದಲ ಬಂದ ಮೇಲೆ ಎಚ್ಚರಾಗುವುದು ಆಟೊಸ್ಕೇಲಿಂಗ್. ಆದರೆ ಹೊಸ್ತಿಲ ಹುಣ್ಣಿಮೆ, ಬನದ ಹುಣ್ಣಿಮೆ, ಭಾರತ ಹುಣ್ಣಿಮೆ ಇವು ಯಾರಿಗೂ ಹೇಳದೆ ಬರುವ ನೆಂಟರಲ್ಲ. ವಾಯವ್ಯ ಸಾರಿಗೆಯವರು ಜಾತ್ರೆಯ ವಿಶೇಷ ಬಸ್ಸನ್ನು ತಿಥಿ ನೋಡಿ ಬಿಡುತ್ತಾರೆ, ಮಂದಿ ಟಾಪಿನ ಮೇಲೆ ಹತ್ತಿದ ಮೇಲಲ್ಲ. ಹುಣ್ಣಿಮೆಯ ಹಿಂದಿನ ಮಧ್ಯಾಹ್ನ ಎಂಟು ಒಲೆ ಹಚ್ಚು, ಮರುದಿನ ಸಂಜೆ ಒಂದು ಕೆಂಡ ಉಳಿಸಿ ಆರಿಸು.

ಸೂತ್ರ 5: ಪಾಳಿಗೂ ಒಂದು ದಂಡೆಯಿದೆ

ಭಾಷ್ಯ: ಒಲೆ ಹೆಚ್ಚಿಸಲಾಗದವರು ಪಾಳಿ ಹಚ್ಚಬೇಕು. ದಾಸೋಹಕ್ಕೆ ನಿಮಿಷಕ್ಕೆ 30 ಮಂದಿ ಬಂದು, ಒಬ್ಬೊಬ್ಬರು 20 ನಿಮಿಷ ಕೂತರೆ 600 ತಾಟು ಬೇಕೇ ಬೇಕು. ಜಾನ್ ಲಿಟಲ್ ಎಂಬವರು 1961ರಲ್ಲಿ ಸಾಧಿಸಿದ ಈ ನಿಯಮ ದಾಸೋಹದ ಬಡಿಸುವವರಿಗೆ ಬಾಯಿಪಾಠ. 600 ತಾಟಿಗೆ ಮೀರಿದವರು ಹೊರಗೆ ನಿಲ್ಲುತ್ತಾರೆ. ಹೊರಗೂ ಜಾಗ ಮುಗಿದರೆ?

ನವಿಲುತೀರ್ಥದ ಅಣೆಕಟ್ಟೆಗಿಂತ ದೊಡ್ಡ ಪಾಳಿ ಮಲಪ್ರಭೆಯ ಸೀಮೆಯಲ್ಲಿಲ್ಲ. ಕಣಕುಂಬಿಯ ಕಡೆ ಬಿದ್ದ ಮಳೆ 37.73 ಟಿಎಂಸಿಯವರೆಗೆ ಇಲ್ಲಿ ತಾಳ್ಮೆಯಿಂದ ನಿಲ್ಲುತ್ತದೆ. ನೀರಿನ ಮಟ್ಟ 2,079.50 ಅಡಿಗೆ ಮುಟ್ಟಿದರೆ ಪಾಳಿ ತುಂಬಿತು. 2019ರ ಆಗಸ್ಟಿನಲ್ಲಿ ಮಳೆ ನಿಲ್ಲಲಿಲ್ಲ, ಪಾಳಿ ಹಿಡಿಯಲಿಲ್ಲ, ಗೇಟು ತೆರೆಯಲೇಬೇಕಾಯಿತು. ಕೆಳಗಿನ ರಾಮದುರ್ಗದಲ್ಲಿ ನೇಕಾರರ ಮನೆಗಳಿಗೆ ನೀರು ಹೊಕ್ಕಿತು, ಮಗ್ಗ ಕೆಸರಲ್ಲಿ ಕೂತವು. ಪುಟವೊಂದು ‘ಈಗ ಆಗದು’ ಎಂದು ತಿರುಗಿಸಿ ಕಳಿಸಿದ ಬೇಡಿಕೆ ಗಾಳಿಯಲ್ಲಿ ಕರಗಿತೆಂದು ತಿಳಿಯುವ ಪಂಡಿತರು ಒಮ್ಮೆ ರಾಮದುರ್ಗಕ್ಕೆ ಹೋಗಿ ಬರಬೇಕು. ಮೇಲೆ ಹಿಡಿಯಲಾಗದ್ದು ಕೆಳಗೆ ಯಾರದೋ ಹೊಸ್ತಿಲು ದಾಟುತ್ತದೆ.

ಸಿದ್ಧಾಂತ

ಆದ್ದರಿಂದ ಪೂರ್ವಪಕ್ಷ ನಿಲ್ಲದು. ಕಾಯುವುದನ್ನು ಯಾವ ಗುಂಡಿಯೂ ಇಲ್ಲವಾಗಿಸದು. ಒಬ್ಬರ ತಲೆಯಿಂದ ಇನ್ನೊಬ್ಬರ ತಲೆಗೆ ದಾಟಿಸುತ್ತದೆ, ಅಷ್ಟೇ. ಗಿರಾಕಿ ಕಾಯಬೇಕು, ಇಲ್ಲವೇ ಒಲೆ ಕಾದಿರಬೇಕು. ಗುಂಡಿ ತಿರುಗಿಸುವವನು ಮಾತ್ರ ಸಾಮಾನ್ಯವಾಗಿ ಎರಡೂ ಕಡೆ ಇರುವುದಿಲ್ಲ.

ಫಲಶ್ರುತಿ

ಇದನ್ನು ಓದಿದವರ ಬಿಲ್ಲು ಇಳಿಯಲಿ, ಓದದವರ ಪಾಳಿ ಬೆಳೆಯಲಿ ಎಂದು ಹರಸಿ, ಭಾರತ ಹುಣ್ಣಿಮೆಯ ಮರುದಿನ ಖಾನಾವಳಿಗೆ ಹೋದೆವು. ಮೂರೂ ಒಲೆ ಉರಿಯುತ್ತಿದ್ದವು. ಹಂಚಿನಿಂದ ಉಬ್ಬಿ ಇಳಿದ ರೊಟ್ಟಿ ನಮ್ಮ ತಾಟನ್ನು ಹಾರಿ, ನಮಗಿಂತ ಹಿಂದೆ ಬಂದ ಖಾಕಿ ಅಂಗಿಯವರ ತಾಟಿಗೆ ಬಿತ್ತು. ಪಾಳಿಯ ನ್ಯಾಯದ ಬಗ್ಗೆ ಆಕ್ಷೇಪ ಎತ್ತಿದೆವು.

“ಡ್ರೈವರಣ್ಣನ ಬಸ್ ಬಿಡತೈತ್ರಿ, ಅದರಾಗ ಐವತ್ತ ಮಂದಿ ಕುಂತಾರ,” ಎಂದಳು ಅಕ್ಕ. “ನೀವು ಬರಿಯೋರು. ಕುಂದರ್ರಿ.” ಮತ್ತೆ ಕೈ ಚಾಚಿ ಒಂದು ಕಟಕ ರೊಟ್ಟಿ ನಮ್ಮ ತಾಟಿಗೆ ಹಾಕಿದಳು.